ಹದಿನಾರನೆಯ ಶ್ರೇಯಾಂಕದ ಪರವಾಗಿ

ಅಮೆರಿಕದಲ್ಲಿ ಪ್ರತಿವರ್ಷ ಮಾರ್ಚ್‌ನಲ್ಲಿ ಪುರುಷರ 68 ಕಾಲೇಜು ತಂಡಗಳ ನಡುವೆ ಆರಂಭವಾಗುವ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಪಂದ್ಯಾವಳಿಯು ನಾಕ್‌ಔಟ್ ಮಾದರಿಯದು, ಎಂದರೆ ಒಮ್ಮೆ ಸೋತ ತಂಡ ಅಲ್ಲಿಗೇ ಹೊರಬೀಳುತ್ತದೆ. ದುರ್ಬಲರ ಪರ ನಿಲ್ಲುವ ಪ್ರೇಕ್ಷಕರ ಆಸೆಗೆ ಈ ನಿಯಮವೇ ಆಧಾರ, ಏಕೆಂದರೆ ದೀರ್ಘ ಸರಣಿಯಲ್ಲಿ ಬಲಿಷ್ಠರನ್ನು ಮಣಿಸಲಾಗದವರೂ ನಲವತ್ತು ನಿಮಿಷಗಳ ಮಟ್ಟಿಗೆ ಅವರನ್ನು ಕಟ್ಟಿಹಾಕಬಲ್ಲರು.

ಆಯ್ಕೆ ಸಮಿತಿಯು ಬಲಾಬಲ ನೋಡಿ ಪ್ರತಿ ವಲಯದ ತಂಡಗಳಿಗೆ 1ರಿಂದ 16ರವರೆಗೆ ನೀಡುವ ಸ್ಥಾನವನ್ನು ಶ್ರೇಯಾಂಕ ಎನ್ನುತ್ತಾರೆ. 2023ರಲ್ಲಿ 16ನೆಯ ಶ್ರೇಯಾಂಕ ಪಡೆದಿದ್ದ ನ್ಯೂಜೆರ್ಸಿಯ ಫೇರ್ಲಿ ಡಿಕಿನ್ಸನ್ ತಂಡವು ಹಿಂದಿನ ಋತುವಿನಲ್ಲಿ ಗೆದ್ದದ್ದು ಕೇವಲ 4 ಪಂದ್ಯ. ಆ ವರ್ಷ ತನ್ನ ಲೀಗ್‌ನ ಫೈನಲ್‌ನಲ್ಲೂ ಅದು ಸೋತಿತ್ತು, ಆದರೆ ಗೆದ್ದ ಮೆರಿಮ್ಯಾಕ್ ತಂಡವು ಮೇಲಿನ ವಿಭಾಗಕ್ಕೆ ಬಡ್ತಿ ಪಡೆಯುವ ಹಂತದಲ್ಲಿದ್ದು ಅನರ್ಹವಾಗಿದ್ದರಿಂದ ಲೀಗ್ ವಿಜೇತರಿಗೆ ಸಿಗುವ ರಾಷ್ಟ್ರೀಯ ಪಂದ್ಯಾವಳಿಯ ಅವಕಾಶ ಇದರ ಪಾಲಾಯಿತು. ಇಡೀ ವಿಭಾಗದಲ್ಲೇ ಅತ್ಯಂತ ಕುಳ್ಳರ ತಂಡವಾಗಿದ್ದ ಇದಕ್ಕೆ ಎದುರಾದದ್ದು ಅಗ್ರ ಶ್ರೇಯಾಂಕದ ಪರ್ಡ್ಯೂ, ಅದರ ನಡುವೆ 7 ಅಡಿ 4 ಅಂಗುಲದ ಝಾಕ್ ಈಡಿ.

ಎತ್ತರಕ್ಕೆ ಎತ್ತರದಿಂದ ಉತ್ತರಿಸಲಾಗದ ಈ ತಂಡವು ಚೆಂಡು ಈಡಿಯ ಕೈಸೇರುವ ದಾರಿಗಳನ್ನೇ ಮುಚ್ಚಿತು: ಒಬ್ಬ ಬೆನ್ನಿಗೆ, ಇನ್ನೊಬ್ಬ ಎದುರಿಗೆ ನಿಂತು ಅವನನ್ನು ಸುತ್ತುವರಿದರೆ, ಉಳಿದವರು ಅಂಕಣದ ಉದ್ದಕ್ಕೂ ಎದುರಾಳಿಗಳ ಬೆನ್ನುಹತ್ತಿದರು. ಈಡಿ 21 ಅಂಕ ಗಳಿಸಿದರೂ ಫಲಿತಾಂಶ 63–58. ಪುರುಷರ ಪಂದ್ಯಾವಳಿಯಲ್ಲಿ 16ನೆಯ ಶ್ರೇಯಾಂಕದವರು ಅಗ್ರ ಶ್ರೇಯಾಂಕದವರನ್ನು ಸೋಲಿಸಿದ್ದು ಅದು ಎರಡನೆಯ ಸಲ ಮಾತ್ರ. ಇದನ್ನು ಅದೃಷ್ಟವೆಂದು ತಳ್ಳಿಹಾಕುವುದು ಆ ಆಟಗಾರರ ಬುದ್ಧಿಗೂ ಬೆವರಿಗೂ ಮಾಡುವ ಅನ್ಯಾಯ. ಮುಂದಿನ ಪಂದ್ಯದಲ್ಲಿ ಫ್ಲೋರಿಡಾ ಅಟ್ಲಾಂಟಿಕ್ ಎದುರು 78–70ರಿಂದ ಸೋಲುವವರೆಗೂ ಅವರು ಹಾಗೆಯೇ ಆಡಿದರು.