ಸವಕಳಿ

"ಬಿ.ಕಾಂ. ಓದುವವನು ಸಾಹಿತ್ಯ ಸಂಘದ ಪತ್ರಿಕೆಗೆ ಏನು ಬರೆದಾನು?" ಎಂದು ಗೆಳೆಯರು ನಗುತ್ತಾರೆ. ನಗಲಿ ಬಿಡಿ. ಬೆಳದಿಂಗಳು, ವಿರಹ, ಸಾವು ಇತ್ಯಾದಿಗಳನ್ನೆಲ್ಲ ಬಿ.ಎ.ದವರು ಮೊದಲೇ ಹಂಚಿಕೊಂಡುಬಿಟ್ಟಿದ್ದಾರೆ. ನಮ್ಮ ಪಾಲಿಗೆ ಉಳಿದದ್ದು ಜಮೆ, ಖರ್ಚು ಮತ್ತು ಸವಕಳಿ. ಇವುಗಳಲ್ಲಿ ಕೊನೆಯದನ್ನೇ ಹಿಡಿದುಕೊಂಡು ನಾಲ್ಕು ಮಾತು ಬರೆಯುತ್ತೇನೆ.

ಬೀದರ ಜಿಲ್ಲೆಯಲ್ಲಿ ಪಿ.ಯು.ಸಿ.ವರೆಗೂ ಕನ್ನಡದಲ್ಲಿಯೇ ಲೆಕ್ಕಶಾಸ್ತ್ರ ಓದಿದವನು ನಾನು. ಹೈದರಾಬಾದಿನ ಕಾಲೇಜಿಗೆ ಬಂದ ಹೊಸತರಲ್ಲಿ ಮೇಷ್ಟ್ರು 'ಡಿಪ್ರಿಸಿಯೇಶನ್' ಎಂದು ಹಲಗೆಯ ಮೇಲೆ ಬರೆದಾಗ ಎದೆ ಢವ ಢವ ಅಂದಿತ್ತು. ಅರ್ಧ ತಾಸು ಕೇಳಿದ ಮೇಲೆ, ಅಯ್ಯೋ, ಇದು ನಮ್ಮ ಸವಕಳಿಯೇ ಅಲ್ಲವೇ ಎಂದು ಸಮಾಧಾನವಾಯಿತು. ಇಂಗ್ಲಿಷ್ ಶಬ್ದದಲ್ಲಿ ಬೆಲೆ ಇಳಿಯುವುದು ಮಾತ್ರ ಕಾಣುತ್ತದೆ. ಕನ್ನಡದ್ದರಲ್ಲಿ ಸವೆಯುವ ವಸ್ತುವೂ ಕಾಣುತ್ತದೆ: ಹೊಸ್ತಿಲು, ಒರಳುಕಲ್ಲು, ಅಪ್ಪನ ಚಪ್ಪಲಿಯ ಹಿಮ್ಮಡಿ. ಈ ಶಬ್ದದ ಪೂರ್ತಿ ಅರ್ಥ ನನಗೆ ತಿಳಿದದ್ದು ಮಾತ್ರ ಕ್ಲಾಸಿನಲ್ಲಲ್ಲ, ಮಾಮಾನ ಶೆಡ್ಡಿನಲ್ಲಿ.

ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಕಾಚಿಗುಡದ ಕಡೆ ಒಂದು ತಗಡಿನ ಶೆಡ್ಡು. ಕಾರಿನ ಡೆಂಟಿಂಗ್, ವೆಲ್ಡಿಂಗ್, ಪೇಂಟಿಂಗ್ ಅಲ್ಲಿ ನಡೆಯುತ್ತವೆ. ನಾನು ಇರುವುದು ಅವರ ಮನೆಯಲ್ಲಿ. ನನ್ನ ಫೀ ಕಟ್ಟುವವರೂ ಅವರೇ. ಅದಕ್ಕೆ ಪ್ರತಿಯಾಗಿ ಶೆಡ್ಡಿನ ಬಿಲ್ಲು, ಲೆಕ್ಕ ಬರೆಯುವುದು ನನ್ನ ಕೆಲಸ. ಅಲ್ಲಿ ಗಿರಾಕಿಯ ಸಂಗಡ ತೆಲುಗು, ಪಕ್ಕದ ವೆಲ್ಡರ್ ಭಾಯಿಯ ಸಂಗಡ ದಖ್ಖನಿ, ನನ್ನನ್ನು ಬೈಯುವುದಕ್ಕೆ ಕನ್ನಡ. ಬಿಲ್ಲು ಮಾತ್ರ ಇಂಗ್ಲಿಷಿನಲ್ಲಿ.

ಹೋದ ಮಳೆಗಾಲದಲ್ಲಿ ಈ ಶೆಡ್ಡಿಗೆ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಬಂತು. 1960ರ ದಶಕದ್ದು, ಎರಡು ಬಾಗಿಲಿನದು. ಮಾಲೀಕರು ನಿವೃತ್ತ ಇಂಜಿನಿಯರು. ಕಾರಿಗೆ ಇದ್ದ ರೋಗ ಒಂದೇ. ಮಳೆ ಬಂದರೆ ಡ್ರೈವರನ ಬಲ ಮೊಣಕಾಲಿನ ಮೇಲೆ ತಟ್ ತಟ್ ಎಂದು ನೀರು ಬೀಳುತ್ತಿತ್ತು.

ಈ ಕಾರಿನ ಜಾತಕವನ್ನು ಸ್ವಲ್ಪ ಹೇಳಲೇಬೇಕು. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂದು ಹುಟ್ಟಿದ್ದು. ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ಅದನ್ನು ನಮ್ಮ ದೇಶದಲ್ಲಿಯೂ ಮಾಡಿತು. ಆ ಕಾಲಕ್ಕೆ ಬೇರೆ ಕಾರುಗಳೆಲ್ಲ ಇಡೀ ಮೈಯನ್ನು ಒಂದಾಗಿ ಬೆಸೆದ ಡಬ್ಬಿಯಾಗುತ್ತಿದ್ದರೆ, ಹೆರಾಲ್ಡ್ ಮಾತ್ರ ಹಳೆಯ ಕ್ರಮದಂತೆ ಬೇರೆ ಚಾಸಿಯ ಮೇಲೆ ಕೂತಿತು. ಕಾರಣ ವ್ಯವಹಾರದ್ದು. ಕಂಪನಿಗೆ ಬಾಡಿ ಒತ್ತಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿಯೊಂದು ಕೊಂಡುಕೊಂಡಿತ್ತು. ಹಾಗಾಗಿ ಬಾಡಿಯನ್ನು ತುಂಡುತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ ಬೋಲ್ಟು ಹಾಕಿ ಜೋಡಿಸಬೇಕಾಯಿತು. ಚಾವಣಿಯೂ ಅಂಥದೇ ಒಂದು ತುಂಡು: ಮುಂದೆ ಗಾಜಿನ ಚೌಕಟ್ಟಿಗೆ, ಹಿಂದೆ ಡಿಕ್ಕಿಯ ಕಡೆಯ ತಗಡಿಗೆ ಬೋಲ್ಟು, ನಡುವೆ ರಬ್ಬರು. ಭಾರವನ್ನು ಹೊರುವುದು ಚಾಸಿಯಾದ್ದರಿಂದ ಚಾವಣಿ ಬಿಚ್ಚಿದರೂ ಕಾರು ಕುಸಿಯುವುದಿಲ್ಲ. ಇದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಅದೇ ಕಂಪನಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ತೆಗೆಯಿತು. ಅದಕ್ಕೂ ಒಂದು ವರ್ಷ ಮೊದಲು ಬಂದ ಅವರ ಟಿ.ಆರ್.4 ಕಾರಿಗೆ ಹಿಂದಿನ ಗಾಜು ಹಾಗೆಯೇ ನಿಂತು, ತಲೆಯ ಮೇಲಿನ ಹಲಗೆಯೊಂದನ್ನೇ ಎತ್ತಿ ತೆಗೆಯುವ ಅನುಕೂಲವಿತ್ತು. ಪೋರ್ಶ ಕಂಪನಿಯವರು ಇಂಥದನ್ನೇ 1965ರಲ್ಲಿ 'ಟಾರ್ಗಾ' ಎಂದು ತೋರಿಸಿ ಹೆಸರು ಮಾಡಿದರು.

ಬಿಸಿಲು ಅಪರೂಪವಾದ ದೇಶದವರು ಬಿಸಿಲಿಗಾಗಿ ಚಾವಣಿ ಬಿಚ್ಚಿದರು. ನಾವು ಬಿಚ್ಚಿದ್ದು ಮಳೆಯ ಕಾಟಕ್ಕೆ. ಆದರೆ ಬಿಚ್ಚಲು ಬರುವ ಚಾವಣಿಗೆಲ್ಲ, ಅದು ಎಷ್ಟು ಬೆಲೆಯ ಕಾರಾದರೂ ಸರಿ, ಶಾಪ ಒಂದೇ. ಎಲ್ಲಿ ಜೋಡಣೆ ಇದೆಯೋ ಅಲ್ಲಿ ನೀರಿಗೊಂದು ದಾರಿ ಇದೆ.

ಸಲಹೆ ಕೊಡುವವರಿಗೆ ಶೆಡ್ಡಿನಲ್ಲಿ ಬರವಿಲ್ಲ. ಒಬ್ಬರು "ಹಳೇ ಚಾವಣಿ ಒಗೀರಿ, ಫೈಬರಿಂದು ಹಾಕ್ರಿ" ಅಂದರು. ಇನ್ನೊಬ್ಬರು "ಚಾವಣಿ ಯಾಕೆ ಬೇಕು, ಓಪನ್ ಕಾರು ಮಾಡಿಬಿಡಿ, ಮದುವೆ ಮೆರವಣಿಗೆಗೆ ಬಾಡಿಗೆ ಹೋಗ್ತದೆ" ಅಂದರು. ಮಾಲೀಕರು ಒಪ್ಪಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ ಐವತ್ತು ವರ್ಷ ದಾಟಿದ ಖಾಸಗಿ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಆದರೆ ಅದು ಮೂಲ ರೂಪದಲ್ಲಿಯೇ ಇರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ಭಾರಿ ಬದಲಾವಣೆ ಮಾಡಿರಬಾರದು. ಬಾಡಿಗೆಗೆ ಬಿಡುವ ಮಾತಂತೂ ಇಲ್ಲ. ಮಾಮಾನಿಗೆ ಈ ನಿಯಮದ ಗೊಡವೆ ಇರಲಿಲ್ಲ. "ತಗಡು ಇನ್ನಾ ಗಟ್ಟಿ ಅದ. ಎರಡು ಬಟ್ಟು ಕೊಳೆತದಂತ ಕೈ ಕಡೀತಾರೇನು?" ಎಂದಷ್ಟೇ ಹೇಳಿದರು.

ಮೊದಲ ಎರಡು ದಿನ ಮಾಮಾ ಸುತ್ತಿಗೆಯನ್ನೇ ಮುಟ್ಟಲಿಲ್ಲ. ನಾನು ಬ್ಯಾಟರಿ ಹಿಡಿದು ಒಳಗೆ ಕೂತೆ. ಅವರು ಮೇಲಿಂದ ಪೈಪಿನಲ್ಲಿ ನೀರು ಬಿಟ್ಟರು. ಒಂದು ಹನಿಯೂ ಬೀಳಲಿಲ್ಲ. ಮುಂದಿನ ಜೋಡಣೆಗೆ ಬಿಟ್ಟರು, ಇಲ್ಲ. ಹಿಂದಿನದಕ್ಕೆ ಬಿಟ್ಟರು, ಇಲ್ಲ. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಮಾಮಾ ಮಾಲೀಕರಿಗೆ ಫೋನು ಹಚ್ಚಿ ಒಂದೇ ಪ್ರಶ್ನೆ ಕೇಳಿದರು: "ಸಾರ್, ಮನೆಯಲ್ಲಿ ಕಾರು ಹೇಗೆ ನಿಲ್ಲಿಸುತ್ತೀರಿ?" ಗೇಟಿನ ಒಳಗೆ ಇಳಿಜಾರಂತೆ, ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಾರಂತೆ. ಕೂಡಲೇ ಮಾಮಾ ಜಾಕ್ ಕೊಟ್ಟು ಹಿಂದಿನ ಗಾಲಿಗಳನ್ನು ಎತ್ತಿದರು. ನೀರು ಬಿಟ್ಟು ಹತ್ತು ನಿಮಿಷವಾಗಿರಲಿಲ್ಲ, ನನ್ನ ಮೊಣಕಾಲಿನ ಮೇಲೆ ತಟ್ ಎಂದು ಬಿತ್ತು.

ಒಳಗಿನ ಬಟ್ಟೆಯ ಲೈನಿಂಗ್ ಬಿಚ್ಚಿ ನೋಡಿದರೆ ಗುಟ್ಟು ತಿಳಿಯಿತು. ಹಿಂದಿನ ಪಕ್ಕದ ಗಾಜಿನ ಮೇಲೆ, ಮಳೆನೀರು ಹರಿಯುವ ಅಂಚಿನ ಬುಡದಲ್ಲಿ ತಗಡು ತುಕ್ಕು ಹಿಡಿದು ಜಾಳಾಗಿತ್ತು. ನೀರು ಅಲ್ಲಿ ನುಗ್ಗಿ, ಲೈನಿಂಗಿನ ಮರೆಯಲ್ಲಿ ಮುಂದಕ್ಕೆ ಹರಿದು, ಮುಂದಿನ ಗಾಜಿನ ಮೂಲೆಯಲ್ಲಿ ಇಳಿಯುತ್ತಿತ್ತು. "ನೋಡಪಾ ತಮ್ಮಾ, ಬೀಳೋ ಜಾಗ ಬ್ಯಾರೆ, ಸೋರೋ ಜಾಗ ಬ್ಯಾರೆ" ಎಂದರು ಮಾಮಾ.

ಆಮೇಲಿನದು ಮೈಮುರಿಯುವ ಕೆಲಸ. ಹಿಡಿದುಕೊಂಡಿದ್ದ ಬೋಲ್ಟುಗಳಿಗೆ ರಾತ್ರಿಯೆಲ್ಲ ಎಣ್ಣೆ ಕುಡಿಸಿ, ಬೆಳಿಗ್ಗೆ ಒಂದೊಂದೇ ಬಿಚ್ಚಿ, ನಾಲ್ಕು ಜನ ಸೇರಿ ಚಾವಣಿಯನ್ನು ಹಳೆಯ ಟೈರುಗಳ ಮೇಲೆ ಇಳಿಸಿದೆವು. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡಿನಲ್ಲಿ ಅಂಗೈಯಗಲದ ಎರಡು ತೇಪೆ ಮಾಡಿದರು. ವೆಲ್ಡಿಂಗನ್ನು ಒಂದೇ ಗೆರೆಯಾಗಿ ಎಳೆಯುವಂತಿಲ್ಲ. ಎಳೆದರೆ ತೆಳು ತಗಡು ಕಾದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಈ ತುದಿಗೊಂದು ಚುಕ್ಕೆ, ಆ ತುದಿಗೊಂದು ಚುಕ್ಕೆ, ನಡುವೆ ಒದ್ದೆ ಬಟ್ಟೆ, ಮತ್ತೆ ಒಂದು ಚುಕ್ಕೆ. ಹೀಗೆ ಚುಕ್ಕೆ ಸೇರಿ ಗೆರೆಯಾಗುವ ಹೊತ್ತಿಗೆ ಸಂಜೆಯಾಗಿತ್ತು. ಆ ಸಂಜೆ ಮಾಮಾನ ಕಣ್ಣು ಕೆಂಪಗೆ ನೀರು ಸುರಿಸುತ್ತಿದ್ದವು. ಮಾಮಿ ಏನೂ ಮಾತಾಡದೆ ಹತ್ತಿ ನೆನೆಸಿ ಕೊಟ್ಟರು.

ರಬ್ಬರಿನದು ಇನ್ನೊಂದು ಕಥೆ. ಮದ್ರಾಸಿನ ಆ ಕಂಪನಿ ಕಾರು ಮಾಡುವುದನ್ನು 1980ರ ದಶಕದ ಕೊನೆಗೇ ನಿಲ್ಲಿಸಿತ್ತು. ಅಸಲಿ ರಬ್ಬರು ಎಲ್ಲಿಂದ ಬರಬೇಕು? ಹಳೆಯದರ ಒಂದು ಗೇಣು ತುಂಡನ್ನು ಜೇಬಿನಲ್ಲಿಟ್ಟುಕೊಂಡು ರಾಣಿಗಂಜಿನ ಅಂಗಡಿ ಅಂಗಡಿ ಅಲೆದು, ಅದೇ ಆಕಾರಕ್ಕೆ ಹತ್ತಿರವಾದದ್ದನ್ನು ತಂದೆ. ಚಾವಣಿಯನ್ನು ಮತ್ತೆ ಕೂಡಿಸಿದ ಮೇಲೆ ಮಾಮಾ ಸಿಟಿ ಬಸ್ಸಿನ ಟಿಕೆಟ್ಟೊಂದನ್ನು ರಬ್ಬರಿನ ಸಂದಿಗೆ ಸಿಕ್ಕಿಸಿ ಎಳೆದು ನೋಡಿದರು. ಸುಲಭವಾಗಿ ಬಂದರೆ ಅಲ್ಲಿ ಬಿಗಿ ಇಲ್ಲ ಎಂದು ಅರ್ಥ. ಗೇಣಿಗೊಂದು ಕಡೆ ಹೀಗೆ ಪರೀಕ್ಷೆ, ಪ್ರತಿ ಬೋಲ್ಟಿಗೆ ಕಾಲು ಸುತ್ತು ಬಿಗಿ. ಕೊನೆಗೆ ಮೂತಿ ಕೆಳಗೆ ಮಾಡಿ ಅರ್ಧ ತಾಸು ನೀರು ಬಿಟ್ಟೆವು. ನನ್ನ ಮೊಣಕಾಲು ಒಣಗಿತ್ತು.

ಒಟ್ಟು ಹನ್ನೊಂದು ದಿನ. ಬಿಲ್ಲು ಬರೆಯಲು ಕೂತೆ. ತಗಡು, ಗ್ಯಾಸು, ರಬ್ಬರು, ಬಣ್ಣ ಎಲ್ಲ ಆಯಿತು. ಕೂಲಿಯ ಸಾಲಿಗೆ ಬಂದಾಗ ಮಾಮಾ, "ಒಂಬತ್ತು ದಿನ ಬರಿ" ಅಂದರು.

"ಹನ್ನೊಂದು ಆಗ್ಯಾವಲ್ರೀ ಮಾಮಾ?"

"ಮೊದಲಿನೆರಡು ದಿನ ಬರೀ ಹುಡುಕಿದ್ದಲ್ಲೋ. ಹುಡುಕೋದು ಕೆಲಸ ಹ್ಯಾಂಗ ಆಗ್ತದ? ಕೈಯಾಗ ಸುತ್ತಿಗಿನೇ ಹಿಡಿದಿಲ್ಲ."

"ಹುಡುಕಿಲ್ಲಾಂದ್ರ ಸುತ್ತಿಗಿ ಎಲ್ಲಿ ಬಡೀತಿದ್ರಿ?"

ಮಾಮಾ ಸುಮ್ಮನಾದರು. ನಾನು 'ಲೀಕ್ ಟ್ರೇಸಿಂಗ್, ಟೂ ಡೇಸ್' ಎಂದು ಬೇರೆಯದೇ ಸಾಲಾಗಿ ಬರೆದೆ. ಮಾಲೀಕರು ಬಿಲ್ಲನ್ನು ಮೇಲಿಂದ ಕೆಳಗೆ ಓದಿ, ರಬ್ಬರಿನ ರೇಟಿನಲ್ಲಿ ನೂರು ರೂಪಾಯಿ ಚೌಕಾಸಿ ಮಾಡಿದರು. ಆ ಸಾಲಿನ ತಂಟೆಗೆ ಮಾತ್ರ ಬರಲಿಲ್ಲ. ಹಿಂದೆ ಎರಡು ಕಡೆ ಮುಂದಿನ ರಬ್ಬರು ಬದಲಿಸಿ ದುಡ್ಡು ತೆಗೆದುಕೊಂಡಿದ್ದರಂತೆ. ಹುಡುಕಿದವರು ಯಾರೂ ಇರಲಿಲ್ಲವಂತೆ. ಆ ಎರಡು ದಿನದ ಕೂಲಿಯಲ್ಲಿ ನನ್ನ ಸೆಮಿಸ್ಟರಿನ ಪರೀಕ್ಷಾ ಶುಲ್ಕ ಹೋಯಿತು.

ಈಗ ಲೆಕ್ಕಕ್ಕೆ ಬರೋಣ. ಆದಾಯ ತೆರಿಗೆಯ ನಿಯಮದಲ್ಲಿ ವ್ಯವಹಾರದ ಕಾರಿಗೆ ವರ್ಷಕ್ಕೆ ಶೇಕಡಾ 15ರಂತೆ, ಉಳಿದ ಮೊತ್ತದ ಮೇಲೆ ಸವಕಳಿ ಕಳೆಯುತ್ತಾರೆ. ಒಂದು ಲಕ್ಷದ ಕಾರು ಎಂದಿಟ್ಟುಕೊಳ್ಳಿ. ಹತ್ತು ವರ್ಷಕ್ಕೆ ಅದು ಪುಸ್ತಕದಲ್ಲಿ 19,687 ರೂಪಾಯಿ. ಐವತ್ತು ವರ್ಷಕ್ಕೆ ಮೂವತ್ತು ರೂಪಾಯಿಯೂ ಇಲ್ಲ. ಎರಡು ಇರಾನಿ ಚಹಾಕ್ಕೂ ಸಾಲದು. ರಿಪೇರಿಯ ಖರ್ಚಿನ ಗತಿಯೂ ಅಷ್ಟೇ. ಅದು ಆಯಾ ವರ್ಷದ ಲಾಭ-ನಷ್ಟದ ಖಾತೆಗೆ ಹೋಗಿ ಮಾರ್ಚ್ 31ಕ್ಕೆ ಮುಗಿದುಹೋಗುತ್ತದೆ. ಕಾರಿನ ಸವಕಳಿಗೆ ಒಂದು ದರವಿದೆ. ಚುಕ್ಕೆ ಚುಕ್ಕೆಯಾಗಿ ತಗಡು ಬೆಸೆದ ಕಣ್ಣಿನ ಸವಕಳಿಗೆ ದರವಿಲ್ಲ, ಖಾತೆಯಿಲ್ಲ. ಇದು ಲೆಕ್ಕಶಾಸ್ತ್ರದ ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಹಣದಲ್ಲಿ ಅಳೆಯಬರುವುದನ್ನು ಮಾತ್ರ ಅಳೆಯುತ್ತೇನೆಂದು ಮೊದಲ ಪಾಠದಲ್ಲಿಯೇ ಒಪ್ಪಿಕೊಂಡಿದೆ. ಅಳೆಯಬರುವ ಎರಡು ದಿನವನ್ನಾದರೂ ಬಿಲ್ಲಿನಿಂದ ಬಿಡಬಾರದು ಎಂಬುದಷ್ಟೇ ನನ್ನ ತಕರಾರು.

ಅದೇ ಶಾಸ್ತ್ರದಲ್ಲಿ ಇನ್ನೊಂದು ಸೂತ್ರವಿದೆ: ಪಡೆದವನಿಗೆ ಖರ್ಚು, ಕೊಟ್ಟವನಿಗೆ ಜಮೆ. ನನ್ನದೊಂದು ಸಣ್ಣ ನೋಟ್‌ಬುಕ್ಕಿನಲ್ಲಿ ಮಾಮಾನ ಹೆಸರಿನಲ್ಲಿ ಒಂದು ಖಾತೆ ತೆರೆದು, ಈ ಶುಲ್ಕವನ್ನು ಜಮೆ ಬರೆದಿದ್ದೇನೆ. ಅದನ್ನು ನೋಡಿದ ಮಾಮಾ, "ಮನಿಯವರ ಜೋಡಿ ಲೆಕ್ಕಾ ಬರೀತಾರೇನೋ ಹುಚ್ಚಪ್ಪಾ?" ಎಂದು ಬೈದರು. ಬೈದರೂ ಹಾಳೆ ಹರಿಯಲಿಲ್ಲ.