ಮತ್ತೆ ನಲವತ್ತು ಮೀಟರ್‌ಗೆ

ಏಳು ಮೆಗಾಹರ್ಟ್ಸ್ ಬ್ಯಾಂಡನ್ನು ಹವ್ಯಾಸಿ ರೇಡಿಯೊದವರಾದ ಹ್ಯಾಮ್‌ಗಳು ನಲವತ್ತು ಮೀಟರ್ ಎಂದೇ ಕರೆಯುವುದು. ಬೆಳಗಿನ ಹೊತ್ತು ಅದು ನಮ್ಮ ಅರಳಿಕಟ್ಟೆ. ಕೊಯಮತ್ತೂರಿನವರು, ಹುಬ್ಬಳ್ಳಿಯವರು, ಹೈದರಾಬಾದಿನವರು ಒಬ್ಬೊಬ್ಬರಾಗಿ ಬಂದು ಕರೆಚಿಹ್ನೆ ಹೇಳಿ ಹಾಜರಿ ಹಾಕುತ್ತಾರೆ. ಮಳೆ ಬಂತೇ, ಸಿಗ್ನಲ್ ಹೇಗಿದೆ, ಮಂಡಿನೋವು ಕಡಿಮೆಯಾಯಿತೇ ಎಂದು ವಿಚಾರಿಸಿಕೊಂಡು, ಎಲ್ಲರಿಗೂ ಸೆವೆಂಟಿ ತ್ರೀ (ಹ್ಯಾಮ್ ಭಾಷೆಯಲ್ಲಿ ಶುಭಾಶಯ) ಹೇಳಿ ತಿಂಡಿಗೆ ಏಳುತ್ತಾರೆ. ಆ ಕಟ್ಟೆಗೆ ನಾನು ಬಹಳ ವರ್ಷ ಹೋಗಿರಲಿಲ್ಲ. ವರ್ಗಾವರ್ಗಿಯ ನೌಕರಿ, ಬಾಡಿಗೆ ಮನೆಗಳು, ಮಕ್ಕಳ ಓದು. ಆಂಟೆನಾ ತಂತಿ ಕಟ್ಟಲು ತಾರಸಿ ನಮ್ಮದಾಗಿರಲಿಲ್ಲ, ಕೂರಲು ಪುರುಸೊತ್ತೂ ಇರಲಿಲ್ಲ.

ಈಗ ಮೈಸೂರಿನಲ್ಲಿ ಸ್ವಂತ ತಾರಸಿಯಿದೆ, ಹಿತ್ತಲಲ್ಲಿ ತೆಂಗಿನ ಮರವಿದೆ. ನಲವತ್ತು ಮೀಟರ್ ಡೈಪೋಲ್‌ಗೆ ಒಟ್ಟು ಇಪ್ಪತ್ತು ಮೀಟರ್ ತಾಮ್ರದ ತಂತಿ ಸಾಕು, ಎರಡು ಕಡೆಗೂ ಹತ್ತತ್ತು. ಒಂದು ತುದಿಯನ್ನು ನೀರಿನ ಟ್ಯಾಂಕಿನ ಕಂಬಕ್ಕೂ ಇನ್ನೊಂದನ್ನು ಮರಕ್ಕೂ ನೈಲಾನ್ ಹಗ್ಗದಲ್ಲಿ ಬಿಗಿದು, ನಡುವೆ ಕೋಆಕ್ಸ್ ಕೇಬಲ್ ಬೆಸುಗೆ ಹಾಕಿದೆ. ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ಇಳಿಯುವವರೆಗೆ ತುದಿಗಳನ್ನು ಬೆರಳಗಲ ಬೆರಳಗಲ ಕತ್ತರಿಸುತ್ತ ಬರಬೇಕು. ಇಕ್ಕಳ ಹಿಡಿದ ಕೈಗೆ ಈ ಕೆಲಸ ಮರೆತಿರಲಿಲ್ಲ.

ಆಕಾಶ ಮಾತ್ರ ಬದಲಾಗಿತ್ತು. ಮೊದಲೆಲ್ಲ ಸಿಡಿಲಿನ ಚಟಪಟ ಬಿಟ್ಟರೆ ಬ್ಯಾಂಡ್ ಶಾಂತವಾಗಿರುತ್ತಿತ್ತು. ಈಗ ರೇಡಿಯೊ ಹಚ್ಚಿದರೆ ಒಂದೇ ಸಮನೆ ಗುಂಯ್ಗುಡುವಿಕೆ. ಬ್ಯಾಟರಿಯ ಮೇಲೆ ರಿಸೀವರ್ ನಡೆಸಿ ಮನೆಯ ಮೇನ್ ಆಫ್ ಮಾಡಿದೆ. ಗದ್ದಲ ಅರ್ಧ ಇಳಿಯಿತು. ಆಮೇಲೆ ಒಂದೊಂದೇ ಸ್ವಿಚ್ ಹಾಕುತ್ತ ಹೋದಾಗ ಸಿಕ್ಕಿದ್ದು ಎಲ್‌ಇಡಿ ಬಲ್ಬುಗಳು ಮತ್ತು ಮೊಬೈಲ್ ಚಾರ್ಜರ್. ಉಳಿದರ್ಧ ಬೀದಿಯದು, ಅದರೊಂದಿಗೆ ಹೊಂದಿಕೊಂಡು ಕೇಳುವುದನ್ನು ಕಲಿಯಬೇಕು.

ಕೇಳುವುದೇ ಈ ಹವ್ಯಾಸದ ಜೀವ ಎಂದು ನಾನು ನಂಬಿದ್ದೇನೆ. ಸಿಂಗಲ್ ಸೈಡ್‌ಬ್ಯಾಂಡಿನಲ್ಲಿ ದನಿ ಮೊದಲು ಕೀಚಲಾಗಿ, ಅರ್ಥವಾಗದ ಗೊಣಗಾಟವಾಗಿ ಬರುತ್ತದೆ. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಆ ಗೊಣಗಾಟದೊಳಗಿಂದ ಒಬ್ಬ ಮನುಷ್ಯ ಎದ್ದು ಬರುತ್ತಾನೆ: ಅವನ ವಯಸ್ಸು, ನೆಗಡಿ, ಹಿಂದೆ ಕೂಗುವ ಅವನ ಮನೆಯ ಕುಕ್ಕರ್, ಎಲ್ಲ ಸಮೇತ. ಮೊಬೈಲಿನಲ್ಲಿ ಸಿಗುವವರು ನಾವು ಆರಿಸಿಕೊಂಡವರು. ಇಲ್ಲಿ ಸಿಗುವವರನ್ನು ಆರಿಸುವುದು ಅಯಾನುಗೋಳ. ಹಗಲಲ್ಲಿ ಅದರ ಕೆಳಪದರ ಈ ಅಲೆಗಳನ್ನು ಹೀರಿಕೊಳ್ಳುವುದರಿಂದ ಅಕ್ಕಪಕ್ಕದ ರಾಜ್ಯದವರಷ್ಟೇ ಸಿಗುತ್ತಾರೆ. ಕತ್ತಲಾದ ಮೇಲೆ ಆ ಪದರ ಕರಗುತ್ತದೆ, ಸಮುದ್ರದಾಚೆಯವರು ಬರುತ್ತಾರೆ.

ನಾನು ಮರಳಿದ ಕಾಲವೂ ಒಳ್ಳೆಯದು. ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯನ ಕಲೆಗಳು ಹೆಚ್ಚುತ್ತವೆ, ಆಗ ಮೇಲಿನ ಬ್ಯಾಂಡುಗಳು ತೆರೆದುಕೊಳ್ಳುತ್ತವೆ. ಸೂರ್ಯ ಈ ಆವರ್ತದ ಗರಿಷ್ಠ ಹಂತ ಮುಟ್ಟಿದೆಯೆಂದು ನಾಸಾ 2024ರ ಅಕ್ಟೋಬರಿನಲ್ಲಿ ತಿಳಿಸಿತು. ನನ್ನ ರೇಡಿಯೊ ಪೆಟ್ಟಿಗೆಯದು ಹತ್ತು ವಾಟ್ ಅಷ್ಟೆ. ಅಷ್ಟರಲ್ಲೇ ಯುರೋಪಿನವರು ನನ್ನ ಕರೆಚಿಹ್ನೆಯನ್ನು ಸರಿಯಾಗಿ ಮರಳಿ ಹೇಳುತ್ತಾರೆ.

ಆ ಪೆಟ್ಟಿಗೆಯ ವಂಶವನ್ನೂ ಹೇಳಬೇಕು. ನಮ್ಮ ಕಾಲದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಹುಡುಕಿ, 807 ವಾಲ್ವ್ ಹಾಕಿ ಟ್ರಾನ್ಸ್‌ಮಿಟರ್ ಕಟ್ಟುತ್ತಿದ್ದೆವು. ವಿದೇಶಿ ಸೆಟ್ ಕೊಳ್ಳುವ ಶಕ್ತಿ ಯಾರಿಗಿತ್ತು? ಹೈದರಾಬಾದಿನ ಅಷರ್ ಫರ್ಹಾನ್ ಎಂಬ ಹ್ಯಾಮ್ 2000ರ ದಶಕದ ಆರಂಭದಲ್ಲಿ ಬಿಟೆಕ್ಸ್ ಎಂಬ ಸರ್ಕ್ಯೂಟ್ ರೂಪಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಕಾಯಿಲ್ ಸುತ್ತುವ ಟೊರಾಯ್ಡ್ ಉಂಗುರ ಸಿಗದ ಊರಿನವರೂ ಕಟ್ಟಿಕೊಳ್ಳಲಿ ಎಂದು ಅದರಲ್ಲಿ ನಲ್ಲಿಯ ವಾಷರ್ ಮೇಲೆ ಕಾಯಿಲ್ ಸುತ್ತಿದ್ದರು. ಜಗತ್ತಿನ ಎಷ್ಟೋ ದೇಶಗಳ ಹ್ಯಾಮ್‌ಗಳು ಅದನ್ನು ಕಟ್ಟಿದರು. ನನ್ನದು ಅದರ ಮರಿ, ಮೈಕ್ರೋಬಿಟೆಕ್ಸ್. ಭಾರತದ ಹ್ಯಾಮ್‌ಗಳಿಗೆ ಇಷ್ಟು ದೊಡ್ಡ ಉಪಕಾರ ಮಾಡಿದ ಇನ್ನೊಂದು ಸರ್ಕ್ಯೂಟ್ ನನಗೆ ಗೊತ್ತಿಲ್ಲ.

ಹೊಸದರಲ್ಲಿ ಎಫ್‌ಟಿ8 ಎಂಬ ಡಿಜಿಟಲ್ ವಿಧಾನ ಬಂದಿದೆ. ಪಲ್ಸಾರ್ ಸಂಶೋಧನೆಗೆ 1993ರ ನೊಬೆಲ್ ಪಡೆದ ಜೋ ಟೇಲರ್, ಸ್ಟೀವ್ ಫ್ರಾಂಕೆ ಜೊತೆ 2017ರಲ್ಲಿ ರೂಪಿಸಿದ್ದು. ಕಿವಿಗೆ ಕೇಳದ ಸಿಗ್ನಲನ್ನೂ ಕಂಪ್ಯೂಟರ್ ಓದುತ್ತದೆ. ಬೆರಗಿನ ಕೆಲಸ, ಆದರೆ ಅಲ್ಲಿ ಯಾರ ಕುಕ್ಕರೂ ಕೂಗುವುದಿಲ್ಲ. ನನಗೆ ದನಿ ಬೇಕು, ಇಲ್ಲವೇ ಮೋರ್ಸ್.

ಪಕ್ಕದ ಮನೆಯ ಹುಡುಗ ತಾರಸಿಗೆ ಬಂದು, "ಅಂಕಲ್, ಫೋನಿದೆಯಲ್ಲ, ಇದ್ಯಾಕೆ?" ಎಂದ. 2004ರ ಡಿಸೆಂಬರಿನ ಕಥೆ ಹೇಳಿದೆ. ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನಿಂದ ಹವ್ಯಾಸಕ್ಕಾಗಿ ಜಗತ್ತಿನ ಹ್ಯಾಮ್‌ಗಳೊಂದಿಗೆ ಮಾತಾಡುತ್ತಿತ್ತು. 26ರ ಬೆಳಿಗ್ಗೆ ಸುನಾಮಿ ಬಂತು, ಫೋನುಗಳು ನಿಂತವು. ಹಿಂದಿನ ರಾತ್ರಿಯವರೆಗೆ ಹರಟೆ ಹೊತ್ತಿದ್ದ ಅದೇ ತಂತಿ, ದ್ವೀಪದವರು ಬದುಕಿದ್ದಾರೆಂಬ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸತೊಡಗಿತು. ಬೆಳಗಿನ ಹರಟೆ ವ್ಯರ್ಥವಲ್ಲ. ಅದು ನಡೆಯುವುದರಿಂದಲೇ ತಂತಿ ಮೇಲಿರುತ್ತದೆ, ಬ್ಯಾಟರಿ ಚಾರ್ಜ್ ಆಗಿರುತ್ತದೆ, ಯಾವ ಹೊತ್ತಿಗೆ ಯಾವ ಬ್ಯಾಂಡ್ ತೆರೆಯುತ್ತದೆಂದು ಯಾರಿಗೋ ಗೊತ್ತಿರುತ್ತದೆ.

ಕಟ್ಟೆಯಲ್ಲಿ ಈಗ ತಲೆ ನರೆತ ದನಿಗಳೇ ಹೆಚ್ಚು. ಹೊಸಬರು ಬರಬೇಕು. ಹನ್ನೆರಡು ತುಂಬಿದ ಮಕ್ಕಳು ಪರೀಕ್ಷೆ ಬರೆಯಬಹುದು, ಆರಂಭಿಕ ದರ್ಜೆಯ ಲೈಸೆನ್ಸಿಗೆ ಮೋರ್ಸ್ ಈಗ ಬೇಕಿಲ್ಲ. ನಿಮ್ಮೂರಲ್ಲಿ ಹ್ಯಾಮ್ ಒಬ್ಬರಿದ್ದರೆ, ಮಕ್ಕಳನ್ನು ಕರೆದುಕೊಂಡು ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋಗಿ. ಖಂಡಿತ ಕಾಫಿ ಕೊಟ್ಟು ಕೂರಿಸಿ ಕೇಳಿಸುತ್ತಾರೆ.