ಹಳೆಯ ಯುದ್ಧವಿಮಾನಗಳ ಗುಣ, ಅವಗುಣ

ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಸಿಮ್ಯುಲೇಟರ್ ಆಟಗಳು ಅಂಗಡಿಗೆ ಬರುವಾಗ ಬೆರಳೆಣಿಕೆಯ ವಿಮಾನಗಳನ್ನಷ್ಟೇ ಹೊತ್ತು ತರುತ್ತವೆ. ಉಳಿದವು ಆಮೇಲೆ, ಬೇರೆ ಬೇರೆ ಕೈಗಳಿಂದ, ಬಿಡಿಬಿಡಿಯಾಗಿ ಬಂದು ಸೇರುತ್ತವೆ. ಹೀಗೆ ಸೇರುವ ವಿಮಾನವೇ ಆಡ್-ಆನ್. ಎರಡು ಮಹಾಯುದ್ಧಗಳ, ಕೊರಿಯಾ ಮತ್ತು ವಿಯೆಟ್ನಾಂ ಯುದ್ಧಗಳ, ಭಾರತ-ಪಾಕಿಸ್ತಾನ ಯುದ್ಧಗಳ ವಿಮಾನಗಳನ್ನು ಈ ರೀತಿ ಕಟ್ಟುವುದು ಕಳೆದ ಕಾಲು ಶತಮಾನದಲ್ಲಿ ಗಂಭೀರವಾದ ಕುಶಲಕಲೆಯಾಗಿ ಬೆಳೆದಿದೆ. ಇದರಲ್ಲಿ ತೊಡಗಿದವರಲ್ಲಿ ಬಹಳ ಮಂದಿ ಹವ್ಯಾಸಿಗಳು. ಹಗಲು ಬೇರೆ ನೌಕರಿ ಮಾಡಿ ರಾತ್ರಿ ರೆಕ್ಕೆ ಕೆತ್ತುವವರು.

ಇದಕ್ಕೆ ಬಾಗಿಲು ತೆರೆದದ್ದು 1998ರಲ್ಲಿ ಬಂದ ಮೈಕ್ರೋಸಾಫ್ಟ್‌ನ ‘ಕಾಂಬ್ಯಾಟ್ ಫ್ಲೈಟ್ ಸಿಮ್ಯುಲೇಟರ್’. ಅದರಲ್ಲಿ ಸ್ಪಿಟ್‌ಫೈರ್, ಹರಿಕೇನ್, ಮಸ್ಟ್ಯಾಂಗ್, ಥಂಡರ್‌ಬೋಲ್ಟ್, ಮೆಸ್ಸರ್‌ಶ್ಮಿಟ್ 109, ಫೋಕೆ-ವುಲ್ಫ್ 190 ಇದ್ದವು. ಪಟ್ಟಿ ಚಿಕ್ಕದಾದರೂ ಒಳಗಿನ ವ್ಯವಸ್ಥೆ ಉದಾರವಾಗಿತ್ತು. ಒಂದೊಂದು ವಿಮಾನಕ್ಕೂ ಒಂದೊಂದು ಫೋಲ್ಡರ್. ಹೊಸ ಫೋಲ್ಡರ್ ತಂದು ಅದೇ ಜಾಗದಲ್ಲಿ ಇಟ್ಟರೆ ಹೊಸ ವಿಮಾನ ತಾನಾಗಿ ಆಟದೊಳಗೆ ಕಾಣಿಸಿಕೊಳ್ಳುತ್ತಿತ್ತು. 2000ದಲ್ಲಿ ಪೆಸಿಫಿಕ್ ಸಾಗರದ ಯುದ್ಧವನ್ನು ಆಧರಿಸಿದ ಎರಡನೆಯ ಆವೃತ್ತಿ, 2002ರಲ್ಲಿ ಮತ್ತೆ ಯುರೋಪಿಗೆ ಮರಳಿದ ಮೂರನೆಯ ಆವೃತ್ತಿ ಬಂದವು. ನಾಲ್ಕನೆಯದು ಬರಲಿಲ್ಲ. ಆದರೂ ಮೂರನೆಯದರ ಅಡಿಪಾಯದ ಮೇಲೆಯೇ ಹವ್ಯಾಸಿಗಳು ಮೊದಲ ಮಹಾಯುದ್ಧದ ಇಡೀ ಆಕಾಶವನ್ನು ‘ಓವರ್ ಫ್ಲಾಂಡರ್ಸ್ ಫೀಲ್ಡ್ಸ್’ ಎಂಬ ಹೆಸರಿನಲ್ಲಿ ಕಟ್ಟಿ ನಿಲ್ಲಿಸಿದರು. ತಯಾರಕರು ಕೈಬಿಟ್ಟ ಆಟಕ್ಕೆ ಆಡುವವರೇ ಮರುಜೀವ ಕೊಟ್ಟದ್ದು ಈ ಹವ್ಯಾಸದ ಇತಿಹಾಸದಲ್ಲಿ ಹೆಮ್ಮೆಪಡಬೇಕಾದ ಸಂಗತಿ. 2001ರ ರಷ್ಯಾದ ‘ಐಎಲ್-2 ಸ್ಟುರ್ಮೊವಿಕ್’ ಇಷ್ಟು ಸಡಿಲವಾಗಿರಲಿಲ್ಲ. ಹೊರಗಿನವರು ಕಟ್ಟಿಕೊಟ್ಟ ವಿಮಾನಗಳನ್ನು ತಯಾರಕರೇ ತೂಗಿ ನೋಡಿ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಹವ್ಯಾಸಿಗಳು ಅದರ ಬೀಗ ತೆಗೆದದ್ದು ವರ್ಷಗಳ ನಂತರ.

ಆಡ್-ಆನ್ ವಿಮಾನದ ಫೋಲ್ಡರಿನೊಳಗೆ ಏನಿರುತ್ತದೆ ಎಂಬುದು ತಿಳಿದರೆ ಈ ಕೆಲಸದ ಕಷ್ಟ ಅರ್ಥವಾಗುತ್ತದೆ. ಮೊದಲನೆಯದು ಹೊರಮೈಯ ತ್ರಿಆಯಾಮ ಮಾದರಿ. ಆ ಕಾಲದಲ್ಲಿ ಇದಕ್ಕೆ ಜಿಮ್ಯಾಕ್ಸ್ ಎಂಬ ಉಚಿತ ತಂತ್ರಾಂಶ ಬಳಕೆಯಲ್ಲಿತ್ತು. ಮೂರು ದಿಕ್ಕಿನಿಂದ ಬರೆದ ನಕ್ಷೆಗಳನ್ನು ಹಿನ್ನೆಲೆಯಲ್ಲಿಟ್ಟುಕೊಂಡು ಚುಕ್ಕಿಗೆ ಚುಕ್ಕಿ ಸೇರಿಸುತ್ತ ಒಡಲನ್ನು ಮೂಡಿಸಬೇಕು. ಅದರ ಮೇಲೆ ಹೊದಿಸುವ ಬಣ್ಣದ ಹೊದಿಕೆಯೇ ಸ್ಕಿನ್. ಆಮೇಲೆ ಕಾಕ್‌ಪಿಟ್ಟಿನ ಫಲಕ, ಎಂಜಿನ್ನಿನ ಸದ್ದು. ಇಷ್ಟು ಕಣ್ಣು ಕಿವಿಗಳ ಪಾಲು. ವಿಮಾನದ ಜೀವ ಇರುವುದು ‘ಏರ್’ ಫೈಲಿನಲ್ಲಿ. ರೆಕ್ಕೆ ಯಾವ ಕೋನದಲ್ಲಿ ಎಷ್ಟು ಎತ್ತುವ ಬಲ ಕೊಡುತ್ತದೆ, ಎಷ್ಟು ಎಳೆತ ಹುಟ್ಟುತ್ತದೆ, ಎಂಜಿನ್ನಿನ ಶಕ್ತಿ ಯಾವ ಎತ್ತರದಲ್ಲಿ ಕುಸಿಯುತ್ತದೆ ಎಂಬುದೆಲ್ಲ ಅಲ್ಲಿ ಅಂಕಿಗಳ ಸಾಲಾಗಿ ಕುಳಿತಿರುತ್ತದೆ. ಒಂದು ಅಂಕಿ ತಿದ್ದಿದರೆ ಇನ್ನೊಂದು ಕಡೆ ಸಮತೋಲ ತಪ್ಪುತ್ತದೆ. ಮತ್ತೆ ಹಾರಿಸಿ ನೋಡಬೇಕು, ಮತ್ತೆ ತಿದ್ದಬೇಕು.

ಯುದ್ಧದ ಆಟವಾದ್ದರಿಂದ ಇನ್ನೊಂದು ಫೈಲು ಬೇಕೇ ಬೇಕು: ‘ಡ್ಯಾಮೇಜ್ ಪ್ರೊಫೈಲ್’, ಅಂದರೆ ಗಾಯದ ಲೆಕ್ಕ. ಇದರಲ್ಲಿ ವಿಮಾನದ ಒಡಲನ್ನು ಕಣ್ಣಿಗೆ ಕಾಣದ ಪೆಟ್ಟಿಗೆಗಳಾಗಿ ಭಾಗ ಮಾಡಿರುತ್ತಾರೆ. ಎಡರೆಕ್ಕೆಯ ತುದಿ ಒಂದು ಪೆಟ್ಟಿಗೆ, ಇಂಧನದ ಟ್ಯಾಂಕು ಇನ್ನೊಂದು, ಪೈಲಟ್ ಕೂರುವ ಜಾಗ ಮತ್ತೊಂದು. ಯಾವ ಪೆಟ್ಟಿಗೆ ಎಷ್ಟು ಗುಂಡು ತಾಳುತ್ತದೆ, ಅದು ಒಡೆದರೆ ಯಾವ ಅಂಗ ಕೈಕೊಡುತ್ತದೆ ಎಂದು ಬರೆಯಬೇಕು. ಬಂದೂಕುಗಳ ಜಾಗ, ದಿಕ್ಕು, ಗುಂಡಿನ ವೇಗ, ಮದ್ದಿನ ದಾಸ್ತಾನು ಕೂಡ ಇಲ್ಲಿಯೇ. ಜಪಾನಿನ ಜೀರೊ ವಿಮಾನಕ್ಕೆ ಯುದ್ಧದ ಬಹುಭಾಗ ಪೈಲಟ್ಟಿನ ಬೆನ್ನಿಗೆ ಉಕ್ಕಿನ ಕವಚವಾಗಲಿ, ಗುಂಡು ಬಿದ್ದರೆ ತಾನೇ ಮುಚ್ಚಿಕೊಳ್ಳುವ ಇಂಧನ ಟ್ಯಾಂಕಾಗಲಿ ಇರಲಿಲ್ಲ. ಅಮೆರಿಕದ ಥಂಡರ್‌ಬೋಲ್ಟ್ ಜರಡಿಯಾದ ಮೈಯಲ್ಲೂ ಮನೆ ಮುಟ್ಟುತ್ತಿತ್ತು. ಈ ವ್ಯತ್ಯಾಸವನ್ನು ಆಟಗಾರನ ಅನುಭವಕ್ಕೆ ತರುವುದು ಆ ಪೆಟ್ಟಿಗೆಗಳ ಅಂಕಿಗಳೇ ಹೊರತು ಹೊರಮೈಯ ಚಿತ್ರವಲ್ಲ.

ಅಂಕಿಗಳು ಬರುವುದು ಎಲ್ಲಿಂದ? ಬ್ರಿಟನ್ನಿನ ವಾಯು ಸಚಿವಾಲಯ ಅಚ್ಚು ಹಾಕಿಸಿದ ‘ಪೈಲಟ್ಸ್ ನೋಟ್ಸ್’ ಎಂಬ ಪುಟ್ಟ ಪುಸ್ತಕಗಳಿಂದ, ಕಾರ್ಖಾನೆಯ ನಕ್ಷೆಗಳಿಂದ, ಎಲ್ಲಕ್ಕಿಂತ ಮೇಲಾಗಿ ಶತ್ರುವಿನ ವಿಮಾನವನ್ನು ಹಿಡಿದು ಹಾರಿಸಿ ನೋಡಿದವರ ವರದಿಗಳಿಂದ. ಇವುಗಳಲ್ಲಿ ಬಹು ಪ್ರಸಿದ್ಧವಾದದ್ದು ಅಕುಟಾನ್ ಜೀರೊ. 1942ರ ಜೂನ್ 4ರಂದು ಅಲಾಸ್ಕಾದ ಅಕುಟಾನ್ ದ್ವೀಪದ ಕೆಸರು ಬಯಲಿನಲ್ಲಿ ತಡಯೋಶಿ ಕೋಗಾ ಎಂಬ ಜಪಾನಿ ಪೈಲಟ್ ತನ್ನ ಜಖಂಗೊಂಡ ಜೀರೊವನ್ನು ಇಳಿಸಲು ಹೋದ. ಚಕ್ರಗಳು ಹೂತು ವಿಮಾನ ಮಗುಚಿತು, ಕೋಗಾ ಸತ್ತ, ವಿಮಾನ ಹೆಚ್ಚುಕಡಿಮೆ ಇಡಿಯಾಗಿ ಉಳಿಯಿತು. ಅಮೆರಿಕನ್ನರು ಅದನ್ನು ಎತ್ತಿ ತಂದು, ರಿಪೇರಿ ಮಾಡಿ, ಅದೇ ವರ್ಷ ಸ್ಯಾನ್ ಡಿಯಾಗೊದಲ್ಲಿ ಹಾರಿಸಿದರು. ಆವರೆಗೆ ಅಜೇಯವೆನಿಸಿದ್ದ ವಿಮಾನದ ಗುಟ್ಟು ರಟ್ಟಾಯಿತು. ವೇಗ ಇನ್ನೂರು ನಾಟ್ ದಾಟಿದರೆ ಅದನ್ನು ಎಡಬಲಕ್ಕೆ ಉರುಳಿಸುವ ಏಲೆರಾನ್‌ಗಳು ಬಿಗಿದುಕೊಳ್ಳುತ್ತವೆ. ಎಡಕ್ಕೆ ಉರುಳಿದಷ್ಟು ಸಲೀಸಾಗಿ ಅದು ಬಲಕ್ಕೆ ಉರುಳದು. ಮೂತಿಯನ್ನು ಗಕ್ಕನೆ ಕೆಳಗೆ ನೂಕಿದರೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಒಳ್ಳೆಯ ಜೀರೊ ಆಡ್-ಆನ್‌ನಲ್ಲಿ ಈ ಮೂರೂ ಇರಬೇಕು. ನಿಧಾನದ ತಿರುವಿನಲ್ಲಿ ಬಳುಕಿ ಮೋಹಗೊಳಿಸಿದ ವಿಮಾನ ವೇಗದ ಧುಮುಕಿನಲ್ಲಿ ಮರದ ಕೊರಡಾಗಬೇಕು. ಬಲಕ್ಕೆ ಹೊರಳಿ ಧುಮುಕಿ ತಪ್ಪಿಸಿಕೊಳ್ಳುವ ಪಾಠ ಅಮೆರಿಕದ ಪೈಲಟ್ಟುಗಳಿಗೆ ಏಕೆ ಜೀವದಾನವಾಯಿತೆಂಬುದು ಆಗ ಕೈಗೇ ತಿಳಿಯುತ್ತದೆ.

ಈ ಕಲೆಯ ತಿರುಳು ಇರುವುದು ಇಲ್ಲಿ. ವಿಮಾನದ ಅಂದವನ್ನು ಮ್ಯೂಸಿಯಂ ಕಾಪಾಡುತ್ತದೆ. ಅದರ ನಡತೆಯನ್ನು, ಅದರಲ್ಲೂ ಕೆಟ್ಟ ನಡತೆಯನ್ನು, ಕಾಪಾಡಬಲ್ಲದ್ದು ಪ್ರಾಮಾಣಿಕವಾದ ಆಡ್-ಆನ್. ಸ್ಪಿಟ್‌ಫೈರನ್ನೇ ತೆಗೆದುಕೊಳ್ಳಬಹುದು. 1940ರ ಸ್ಪಿಟ್‌ಫೈರಿನ ಮರ್ಲಿನ್ ಎಂಜಿನ್ನಿನಲ್ಲಿ ಫ್ಲೋಟ್ ಇರುವ ಕಾರ್ಬ್ಯುರೇಟರ್ ಇತ್ತು. ಜೀರೊವಿನಂತೆ ಇದರ ಎಂಜಿನ್ನೂ ಮೂತಿ ತಗ್ಗಿಸಿದೊಡನೆ ಉಸಿರು ಬಿಡುತ್ತಿತ್ತು. ಎದುರಾಳಿ ಮೆಸ್ಸರ್‌ಶ್ಮಿಟ್ಟಿನಲ್ಲಿ ಇಂಧನವನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಏರ್ಪಾಡು ಇದ್ದುದರಿಂದ ಜರ್ಮನ್ ಪೈಲಟ್ ಮೂತಿ ನೂಕಿ ಧುಮುಕಿ ಪಾರಾಗುತ್ತಿದ್ದ. ಬೆನ್ನಟ್ಟಿದ ಬ್ರಿಟಿಷ್ ಪೈಲಟ್ ಮೊದಲು ವಿಮಾನವನ್ನು ಮಗುಚಿ ಆಮೇಲೆ ಧುಮುಕಬೇಕಾಗಿತ್ತು. 1941ರಲ್ಲಿ ಫಾರ್ನ್‌ಬರೋದ ಎಂಜಿನಿಯರ್ ಬೀಟ್ರಿಸ್ ಶಿಲ್ಲಿಂಗ್ ತೂತುಳ್ಳ ಒಂದು ಚಿಕ್ಕ ಬಿಲ್ಲೆಯನ್ನು ಇಂಧನದ ದಾರಿಯಲ್ಲಿ ಕೂರಿಸಿ ಈ ಕಾಟವನ್ನು ಬಹುಮಟ್ಟಿಗೆ ತಗ್ಗಿಸಿದರು. ಮುಂದೆ ಮರ್ಲಿನ್ 66 ಎಂಜಿನ್ ಕೂರಿಸಿದ ಒಂಬತ್ತನೆಯ ಮಾದರಿಯ ಸ್ಪಿಟ್‌ಫೈರಿಗೆ ಬೇರೆಯದೇ ಕಾರ್ಬ್ಯುರೇಟರ್ ಬಂದು ತೊಂದರೆ ನಿಂತಿತು. ಆದ್ದರಿಂದ ಸ್ಪಿಟ್‌ಫೈರ್ ಕಟ್ಟುವವರಿಗೆ ವರ್ಷದ ಪ್ರಜ್ಞೆ ಇರಬೇಕು. ಮೊದಲ ಮಾದರಿಯ ಎಂಜಿನ್ ಧುಮುಕಿನಲ್ಲಿ ಕೆಮ್ಮದಿದ್ದರೆ ಅದು ಸ್ಪಿಟ್‌ಫೈರಿನ ವೇಷ ಹಾಕಿದ ಬೇರೆ ಏನೋ ಆಗುತ್ತದೆ.

ನೆಲದ ಮೇಲೂ ಸ್ಪಿಟ್‌ಫೈರ್ ಸುಲಭದ್ದಲ್ಲ. ಗಾಳಿಯಿಲ್ಲದೆ ಹೆಚ್ಚು ಹೊತ್ತು ನಿಂತರೆ ತಂಪುನೀರು ಕುದಿಯುತ್ತದೆ; ಬೇಗ ಹೊರಡಬೇಕು. ಉದ್ದನೆಯ ಮೂತಿಯಿಂದಾಗಿ ಮುಂದಿನ ದಾರಿ ಕಾಣದು. ಹಾವಿನಂತೆ ಆಚೆ ಈಚೆ ತಿರುಗುತ್ತ ಸಾಗಬೇಕು. ಮರ್ಲಿನ್ ಇದ್ದದ್ದು ಏರುವಾಗ ಎಡಕ್ಕೆ ಎಳೆಯುತ್ತದೆ. ಗ್ರಿಫನ್ ಎಂಜಿನ್ ಕೂರಿಸಿದ ಹದಿನಾಲ್ಕನೆಯ ಮಾದರಿಯ ಪ್ರೊಪೆಲರ್ ತಿರುಗುವುದೇ ಉಲ್ಟಾ, ಅದು ಬಲಕ್ಕೆ ಎಳೆಯುತ್ತದೆ. ಅಭ್ಯಾಸದ ಕಾಲು ತಪ್ಪು ಪೆಡಲ್ ಒತ್ತಿ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ಇಳಿದಾಗ, ಆ ಕಾಲದ ಪೈಲಟ್ಟುಗಳು ಪಟ್ಟ ಪಾಡು ಎಂಥದೆಂದು ಪುಸ್ತಕದ ನೆರವಿಲ್ಲದೆ ತಿಳಿಯುತ್ತದೆ.

2012ರಲ್ಲಿ ಬಂದ ‘ಡಿಸಿಎಸ್ ವರ್ಲ್ಡ್’ ಈ ನಿಷ್ಠೆಯನ್ನು ಇನ್ನೊಂದು ಮಟ್ಟಕ್ಕೆ ಒಯ್ದಿತು. ಇದರಲ್ಲಿ ಆಡ್-ಆನ್‌ಗಳಿಗೆ ಮಾಡ್ಯೂಲ್ ಎನ್ನುತ್ತಾರೆ. ಹೆಚ್ಚಿನವು ಹಣ ಕೊಟ್ಟು ಕೊಳ್ಳುವಂಥವು. ಕಾಕ್‌ಪಿಟ್ಟಿನ ಒಂದೊಂದು ಸ್ವಿಚ್ಚನ್ನೂ ಮೌಸಿನಿಂದ ಒತ್ತಬಹುದು, ಪ್ರತಿಯೊಂದಕ್ಕೂ ಅದರ ಹಿಂದಿನ ವಿದ್ಯುತ್ತು, ಎಣ್ಣೆ, ಗಾಳಿಯ ಮಾರ್ಗಗಳ ಲೆಕ್ಕ ಇರುತ್ತದೆ. ಭಾರತೀಯರ ಮನಸ್ಸಿಗೆ ಹತ್ತಿರವಾದ ಮಿಗ್-21 ಬಿಸ್ 2014ರಲ್ಲಿ ಇಲ್ಲಿಗೆ ಬಂತು. ಅದರ ಕಾಕ್‌ಪಿಟ್ಟಿನ ನೀಲಿಹಸಿರು ಬಣ್ಣದ ನಡುವೆ ಫಲಕದ ಮೇಲೆ ಒಂದು ಬಿಳಿಯ ಗೆರೆ ಇದೆ. ವಿಮಾನ ಗಿರಕಿಗೆ ಸಿಕ್ಕಿ ದಿಕ್ಕು ತೋಚದಾದಾಗ ಸ್ಟಿಕ್ಕನ್ನು ಆ ಗೆರೆಯ ಕಡೆ ಒತ್ತಿ ಹಿಡಿ ಎಂದು ಅದರ ಸಂದೇಶ. ಇಳಿಸುವುದಂತೂ ಎದೆಗಾರಿಕೆಯ ಕೆಲಸ. ಚಿಕ್ಕ ತ್ರಿಕೋನ ರೆಕ್ಕೆಗೆ ವೇಗ ಬೇಕು. ಫ್ಲಾಪುಗಳ ಮೇಲೆ ಎಂಜಿನ್ನಿನಿಂದಲೇ ಗಾಳಿ ಊದುವ ಏರ್ಪಾಡು ಇರುವುದರಿಂದ ಕೊನೆಯ ಗಳಿಗೆಯಲ್ಲಿ ಥ್ರಾಟಲ್ ಪೂರ್ತಿ ಎಳೆದರೆ ಆ ಗಾಳಿ ಸೊರಗಿ ವಿಮಾನ ಕಲ್ಲಿನಂತೆ ಬೀಳುತ್ತದೆ. 1963ರಿಂದ 2025ರ ಸೆಪ್ಟೆಂಬರ್ 26ರವರೆಗೆ ನಮ್ಮ ವಾಯುಪಡೆಯ ಪೈಲಟ್ಟುಗಳ ಹಲವು ಪೀಳಿಗೆಗಳು ಮಿಗ್-21ರ ಬೇರೆ ಬೇರೆ ಮಾದರಿಗಳನ್ನು ಹಾರಿಸಿ ಇಳಿಸಿದವು. ಅವರ ಮೇಲಿನ ಗೌರವ ಇಮ್ಮಡಿಯಾಗಲು ಈ ಮಾಡ್ಯೂಲಿನಲ್ಲಿ ಒಂದು ಸಂಜೆ ಕಳೆದರೆ ಸಾಕು.

ಇಡೀ ವಿಮಾನ ಕಟ್ಟಲಾಗದವರು ಸ್ಕಿನ್ ಬರೆಯುತ್ತಾರೆ. ಇದೂ ಓದು ಬೇಡುವ ಕೆಲಸ. 1944ರ ಇಂಫಾಲದ ಕದನದಲ್ಲಿ ಅರ್ಜನ್ ಸಿಂಗ್ ಮುನ್ನಡೆಸಿದ ಒಂದನೆಯ ಸ್ಕ್ವಾಡ್ರನ್ನಿನ ಹರಿಕೇನಿಗೆ ಬಣ್ಣ ಹಚ್ಚುವವರು ರೆಕ್ಕೆಯ ವೃತ್ತದ ನಡುವೆ ಕೆಂಪು ಬಳಿಯಬಾರದು. ಜಪಾನಿನ ಕೆಂಪು ಸೂರ್ಯನೆಂದು ತಿಳಿದು ತಮ್ಮವರೇ ಗುಂಡು ಹಾರಿಸಬಾರದೆಂದು ಬರ್ಮಾ ರಂಗದಲ್ಲಿ ಆ ಬಣ್ಣವನ್ನೇ ತೆಗೆದುಹಾಕಿದ್ದರು.

ಹಳೆಯ ಕದನವೊಂದನ್ನು ಅರಿಯಲು ಸರಿಯಾದ ಎರಡು ಆಡ್-ಆನ್‌ಗಳು ಹೇಗೆ ನೆರವಾಗುತ್ತವೆ ಎಂಬುದಕ್ಕೆ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕೊನೆಯ ಹಾರಾಟಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಅವರು ಹಾರಿಸುತ್ತಿದ್ದದ್ದು ಫ್ರಾನ್ಸಿನ ಮಿಸ್ಟೇರ್ ವಿಮಾನ. ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ್ದು. ಎದುರಾದದ್ದು ಶಬ್ದದ ಎರಡರಷ್ಟು ವೇಗದ ಸ್ಟಾರ್‌ಫೈಟರ್. ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯನವರು ತಿರುಗಿಬಿದ್ದು ಸ್ಟಾರ್‌ಫೈಟರನ್ನು ಕೆಡವಿದರು, ತಾವು ಮರಳಲಿಲ್ಲ. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ವೇಗದ ಪಟ್ಟಿ ಓದಿದವರಿಗೆ ಇದು ನಂಬಲಾಗದ್ದು. ಎರಡೂ ವಿಮಾನಗಳನ್ನು ಸಿಮ್ಯುಲೇಟರಿನಲ್ಲಿ ನೆಲದ ಹತ್ತಿರ, ಕಡಿಮೆ ವೇಗದಲ್ಲಿ ತಿರುಗಿಸಿ ನೋಡಿದರೆ ಕಾರಣ ಕಾಣುತ್ತದೆ: ಸ್ಟಾರ್‌ಫೈಟರಿನ ಮೊಂಡು ರೆಕ್ಕೆ ಅಲ್ಲಿ ತಿರುಗಲಾರದು, ಮಿಸ್ಟೇರ್ ತಿರುಗುತ್ತದೆ. ಗಾಯಗೊಂಡ ವಿಮಾನದಲ್ಲಿ ಅದನ್ನು ಸಾಧಿಸಿದ ಧೈರ್ಯವನ್ನು ಮಾತ್ರ ಯಾವ ಫೈಲಿನ ಅಂಕಿಯೂ ಹೇಳದು.

ಕೊನೆಗೆ ಬೆಂಗಳೂರಿನದೇ ವಿಮಾನದ ಮಾತು. ಸಿಮ್ಯುಲೇಟರ್ ಲೋಕದಲ್ಲಿ ಎಲ್ಲರೂ ಮೆಚ್ಚಿ ಹಾರಿಸುವ ಫೋಕೆ-ವುಲ್ಫ್ 190ರ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ಎಚ್‌ಎಫ್-24 ಮಾರುತ್ ರೂಪಿಸಿದರು. ಮೊದಲು ಮರದ ಗ್ಲೈಡರ್ ಮಾಡಿ ಗಾಳಿಗೆ ಬಿಟ್ಟು ನೋಡಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ನಿಜವಾದ ಮಾರುತ್ ಹಾರಿಸಿದರು. ಅದೇ ವಿಮಾನಕ್ಕೆ ಹೆಚ್ಚಿನ ಶಕ್ತಿ ತುಂಬುವ ಪ್ರಯತ್ನದ ಪರೀಕ್ಷೆಯಲ್ಲಿ 1970ರ ಜನವರಿ 10ರಂದು ಅಸುನೀಗಿದರು. ಒಟ್ಟು 147 ಮಾರುತ್‌ಗಳು ತಯಾರಾದವು, 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಯುದ್ಧ ಮಾಡಿದವು, 1990ರ ಹೊತ್ತಿಗೆ ನಿವೃತ್ತಿಯಾದವು. ಸೊಗಸಾದ ಒಡಲಿಗೆ ಸಾಲದ ಎಂಜಿನ್ನು ಸಿಕ್ಕ ಈ ವಿಮಾನದ ನಡತೆ ಒಳ್ಳೆಯ ಆಡ್-ಆನ್ ಕಟ್ಟುವವರಿಗೆ ಹಬ್ಬದೂಟ.

ಅದರ ಮೈಯ ಅಳತೆ ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲಿ ನಿಂತ ವಿಮಾನದಿಂದ ಸಿಕ್ಕೀತು. ಸ್ಟಿಕ್ಕಿನ ಬಿಗಿ ಎಷ್ಟು, ನಾಲ್ಕೂ ಫಿರಂಗಿಗಳು ಒಟ್ಟಿಗೆ ಸಿಡಿದಾಗ ಕಾಕ್‌ಪಿಟ್ ಹೇಗೆ ನಡುಗುತ್ತಿತ್ತು, ಸ್ಟಾಲ್ ಆಗುವ ಮುನ್ನ ರೆಕ್ಕೆ ಯಾವ ಎಚ್ಚರಿಕೆ ಕೊಡುತ್ತಿತ್ತು ಎಂಬುದನ್ನು ಅದನ್ನು ಹಾರಿಸಿದ ಪೈಲಟ್ಟುಗಳು, ರಿಪೇರಿ ಮಾಡಿದ ತಂತ್ರಜ್ಞರು ಹೇಳಬೇಕು. ಅವರೆಲ್ಲ ಈಗ ಇಳಿವಯಸ್ಸಿನವರು. ಅಂಥವರ ಮನೆಯ ಕಪಾಟಿನಲ್ಲಿ ಮಾರುತ್‌ನ ಕೈಪಿಡಿ, ಚೆಕ್‌ಲಿಸ್ಟ್, ಕಾಕ್‌ಪಿಟ್ಟಿನ ಫೋಟೊ, ಬರೆದಿಟ್ಟ ಟಿಪ್ಪಣಿ ಇದ್ದರೆ ಮನೆಯವರು ಅದನ್ನು ರದ್ದಿಗೆ ಹಾಕಬಾರದು. ಅದರ ಒಂದು ಪ್ರತಿ ಮಾಡಿಸಿ ಮ್ಯೂಸಿಯಮ್ಮಿಗೋ ಗ್ರಂಥಾಲಯಕ್ಕೋ ಕೊಡಬೇಕು. ಹಿರಿಯರನ್ನು ಕೂರಿಸಿಕೊಂಡು ಅವರ ಮಾತನ್ನು ಫೋನಿನಲ್ಲಾದರೂ ದಾಖಲಿಸಿಕೊಳ್ಳಬೇಕು.